ತಂದೆಯ ಆಸ್ತಿಯಲ್ಲಿ ಪುತ್ರಿಯ ಪಾಲು

ಸ್ತ್ರೀಯರ ಸ್ವಾತಂತ್ರ್ಯವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ವಿದ್ಯೆಯನ್ನೂ ಮತದಾನದ ಹಕ್ಕನ್ನೂ ಎತ್ತಿ ಹೇಳುವರು. ನ್ಯೂಜಿಲೆಂಡ್ ದೇಶವು 1893ರಲ್ಲಿಯೇ ಸ್ತ್ರೀಯರಿಗೆ ಮತವನ್ನು ಕೊಟ್ಟಿತು. ಪ್ರಜಾಪ್ರಭುತ್ವಕ್ಕೆ ಹೆಸರಾದ ಸ್ವಿಟ್ಜರ್ಲೆಂಡ್ ಅದನ್ನು ಕೊಟ್ಟದ್ದು 1971ರಲ್ಲಿ. ಇವು ದೊಡ್ಡ ಸಂಗತಿಗಳೇ. ಆದರೆ ಒಂದು ಸಮಾಜವು ತನ್ನ ಹೆಣ್ಣುಮಕ್ಕಳನ್ನು ಎಷ್ಟರಮಟ್ಟಿಗೆ ಗಣ್ಯರೆಂದೆಣಿಸಿದೆ ಎಂಬುದು, ತಂದೆಯು ತೀರಿಕೊಂಡ ತರುವಾಯ ಮನೆಯನ್ನೂ ಹೊಲವನ್ನೂ ಹಂಚಿಕೊಳ್ಳುವ ದಿವಸದಲ್ಲಿ ತಿಳಿದುಬರುವಷ್ಟು ಸ್ಪಷ್ಟವಾಗಿ ಬೇರೆಂದೂ ತಿಳಿದುಬಾರದು.

ಈ ಪ್ರಶ್ನೆ ಬಹು ಪುರಾತನವಾದುದು. ಅರಣ್ಯಕಾಂಡವನ್ನು ಓದಿದವರು ಚೆಲೋಫಹಾದನ ಐದು ಮಂದಿ ಕುಮಾರ್ತೆಯರನ್ನು ಮರೆತಿರಲಾರರು. ತಂದೆಯು ಗಂಡುಸಂತಾನವಿಲ್ಲದೆ ಸತ್ತುದರಿಂದ ಅವರು ಮೋಶೆಯ ಮುಂದೆಯೂ ಸರ್ವಸಮೂಹದ ಮುಂದೆಯೂ ನಿಂತು ತಮ್ಮ ಪಾಲನ್ನು ಕೇಳಿದರು. ಅವರ ಬೇಡಿಕೆ ನ್ಯಾಯವೆಂದು ದೇವರೇ ತೀರ್ಪುಕೊಟ್ಟನು. ಅದೇ ಗ್ರಂಥದ ಕಡೆಯ ಅಧ್ಯಾಯದಲ್ಲಿ ಮನೆತನದ ಹಿರಿಯರು ಬಂದು ಮೊರೆಯಿಟ್ಟುದರಿಂದ, ಆ ಕನ್ಯೆಯರು ಸ್ವಕುಲದಲ್ಲಿಯೇ ವಿವಾಹವಾಗಬೇಕೆಂಬ ನಿಬಂಧನೆ ಉಂಟಾಯಿತು. ಭೂಮಿಯ ವಿಷಯದಲ್ಲಿ ಬಂಧುಗಳಿಗಿರುವ ಎಚ್ಚರಿಕೆ ಅಂದಿಗೂ ಇಂದಿಗೂ ಒಂದೇ!

ಇಸ್ಲಾಂ ಧರ್ಮವು ಏಳನೆಯ ಶತಮಾನದಲ್ಲಿಯೇ ಪುತ್ರನ ಪಾಲಿನ ಅರ್ಧವನ್ನು ಪುತ್ರಿಗೆ ವಿಧಿಸಿತು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯು ತಾಯಿಯ ಸಂತತಿಯನ್ನೇ ಅನುಸರಿಸಿ ಬರುತ್ತಿತ್ತು. ಇಂಗ್ಲೆಂಡಿನಲ್ಲಾದರೋ, 1925ರ ಕಾನೂನು ಬರುವ ತನಕ, ಮರಣಶಾಸನ ಬರೆಯದೆ ಸತ್ತವನ ಭೂಮಿಯು ಸಾಮಾನ್ಯವಾಗಿ ಹಿರಿಯ ಮಗನಿಗೇ ಸೇರುತ್ತಿತ್ತು. ಆಶ್ಚರ್ಯವೇನೆಂದರೆ, ಅದೇ ಇಂಗ್ಲಿಷರು ಹಿಂದೂಸ್ಥಾನದಲ್ಲಿ 1865ರಲ್ಲಿ ಮಾಡಿದ ಉತ್ತರಾಧಿಕಾರದ ಕಾನೂನು ಪುತ್ರಪುತ್ರಿಯರಿಗೆ ಸಮಪಾಲನ್ನು ಕೊಟ್ಟಿತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಲ್ಲಿಯೂ ಆ ನಿಯಮವೇ ನಿಂತಿದೆ: ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದುದು ಮಕ್ಕಳೆಲ್ಲರಿಗೆ ಸಮನಾಗಿ.

ಆದರೆ ತಿರುವಾಂಕೂರಿನ ಕ್ರೈಸ್ತರಿಗೆ 1916ರ ಬೇರೊಂದು ಕಾನೂನಿತ್ತು. ಅದರ ಪ್ರಕಾರ ಪುತ್ರಿಗೆ ಪುತ್ರನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನವನ್ನು ಕೊಟ್ಟಿದ್ದರೆ, ಕೊಡುತ್ತೇವೆಂದು ಮಾತುಕೊಟ್ಟಿದ್ದರೂ ಸಹ, ಅದೂ ಇಲ್ಲ. ವಿಧವೆಗೆ ಜೀವಾವಧಿಯ ಅನುಭೋಗ ಮಾತ್ರ. ಪುನರ್ವಿವಾಹವಾದರೆ ಅದೂ ತಪ್ಪಿತು. ಈ ಕಾನೂನಿನ ವಿರುದ್ಧ ಕೋಟ್ಟಯಂ ಪಟ್ಟಣದಲ್ಲಿ ಪಾಠಶಾಲೆಯನ್ನು ನಡೆಯಿಸುತ್ತಿದ್ದ ಮೇರಿ ರಾಯ್ ಎಂಬಾಕೆಯು 1983ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದಳು. 1986ರ ಫೆಬ್ರವರಿ 24ರಂದು ತೀರ್ಪಾಯಿತು: 1951ರ ಏಪ್ರಿಲ್ 1ರಿಂದಲೇ ಹಳೆಯ ಕಾನೂನು ಬಿದ್ದುಹೋಗಿ ಭಾರತೀಯ ಅಧಿನಿಯಮವೇ ಜಾರಿಯಲ್ಲಿದೆ ಎಂದು. ಮೂವತ್ತೈದು ವರ್ಷಗಳ ಕಾಲ ಪುತ್ರಿಯರು ಇದ್ದ ಹಕ್ಕನ್ನೇ ಇಲ್ಲವೆಂದು ತಿಳಿದು ಬಾಳಿದ್ದರು! ಈ ತೀರ್ಪನ್ನು ಸ್ವಾಗತಿಸದೆ ಕಳವಳಪಟ್ಟವರಲ್ಲಿ ಸಭೆಯ ಹಿರಿಯರೂ ಇದ್ದರೆಂಬುದನ್ನು ನಾವು ಮರೆಮಾಚಲಾಗದು.

ನಮ್ಮ ಸೀಮೆಯ ಹಿಂದೂ ಸಹೋದರಿಯರ ಸಂಗತಿ ಸಂಕ್ಷೇಪವಾಗಿ ಇಷ್ಟು. ಮೈಸೂರು ಸಂಸ್ಥಾನವು 1933ರಲ್ಲಿಯೇ ಅವಿಭಕ್ತ ಕುಟುಂಬದ ವಿಭಾಗದಲ್ಲಿ ವಿಧವೆಯರಿಗೂ ಅವಿವಾಹಿತ ಪುತ್ರಿಯರಿಗೂ ಒಂದಂಶವನ್ನು ಕೊಟ್ಟಿತು. ಕರ್ನಾಟಕವು 1994ರಲ್ಲಿ ಅದನ್ನು ವಿಸ್ತರಿಸಿತು. 2005ರ ತಿದ್ದುಪಡಿಯಿಂದ ಪುತ್ರಿಯು ಜನ್ಮತಃ ಪುತ್ರನಿಗೆ ಸಮಾನಳಾದ ಪಾಲುಗಾರಳು.

ಹೀಗಿರುವಾಗ ನಮ್ಮ ವಿದ್ಯಾರ್ಥಿನಿಯರಿಗೆ ತೊಂದರೆ ಎಲ್ಲಿಂದ? ಕಾನೂನಿನಿಂದಲ್ಲ, ಹಕ್ಕುಬಿಡುಗಡೆ ಪತ್ರದಿಂದ. ಮದುವೆಯ ಖರ್ಚನ್ನೂ ಒಡವೆಯನ್ನೂ ಲೆಕ್ಕಕ್ಕೆ ತಂದು, ತವರಿನ ಬಾಗಿಲು ಮುಚ್ಚೀತೆಂಬ ಭಯವನ್ನು ಸೂಕ್ಷ್ಮವಾಗಿ ತೋರಿಸಿ, ಸಹಿ ಮಾಡಿಸಿಕೊಳ್ಳುವುದುಂಟು. ಪದವಿ ಪಡೆದವಳೂ ಓದದೆಯೇ ಸಹಿ ಮಾಡುವಳು! ಸ್ವಸಂತೋಷದಿಂದ ಅಣ್ಣನಿಗೆ ಬಿಟ್ಟುಕೊಡುವವಳನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ತನ್ನದೆಂದು ತಿಳಿದವಳು ಮಾತ್ರವೇ ಕೊಡಬಲ್ಲಳು. ನೋಂದಣಿಯಾದ ಪತ್ರವನ್ನು ರದ್ದುಮಾಡಿಸಬೇಕಾದರೆ ಮೋಸವನ್ನೋ ಬಲಾತ್ಕಾರವನ್ನೋ ನ್ಯಾಯಾಲಯದಲ್ಲಿ ರುಜುಪಡಿಸಬೇಕಾಗುತ್ತದೆ, ಅದು ಸುಲಭವಲ್ಲ.

ತಂದೆತಾಯಿಗಳಿಗೂ ಒಂದು ವಿಜ್ಞಾಪನೆ. ಸಮಪಾಲಿನ ಈ ನಿಯಮವು ಮರಣಶಾಸನವಿಲ್ಲದಾಗ ಮಾತ್ರ ಅನ್ವಯಿಸುವುದು. ಕ್ರೈಸ್ತನು ತನ್ನ ಆಸ್ತಿಯನ್ನೆಲ್ಲಾ ತನಗಿಷ್ಟವಾದವರಿಗೆ ಬರೆದಿಡಲು ಸ್ವತಂತ್ರನು. ಮೇಲೆ ಹೇಳಿದ ತೀರ್ಪಿನ ತರುವಾಯ ಕೇರಳದಲ್ಲಿ ಪುತ್ರಿಯರನ್ನು ಬಿಟ್ಟು ಬರೆದ ಮರಣಶಾಸನಗಳೂ ಹುಟ್ಟಿಕೊಂಡವು. ಆ ಕಾಗದದಲ್ಲಿ ಮಗಳ ಹೆಸರು ಇರುವುದೂ ಇಲ್ಲದಿರುವುದೂ ತಮ್ಮ ಕೈಯಲ್ಲಿಯೇ ಇದೆ.