ಕುತ್ತಿಗೆ ಮತ್ತು ಭುಜದ ನೋವು: ಮನೆಯಲ್ಲಿ ಮಾಡಬಹುದಾದ ಉಪಶಮನ

ಮುಂಬಯಿಯ ಪೂರ್ವ ಉಪನಗರವಾದ ಚೆಂಬೂರಿನಲ್ಲಿ ದಕ್ಷಿಣ ಕನ್ನಡ, ಉಡುಪಿ ಮೊದಲಾದ ಜಿಲ್ಲೆಗಳಿಂದ ಬಂದು ನೆಲೆಸಿದ ಕನ್ನಡಿಗರು ಬಹಳ ಮಂದಿ ಇದ್ದಾರೆ. ಹಾರ್ಬರ್ ಮಾರ್ಗದ ರೈಲಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಒಂದು ಕೈಯಿಂದ ಮೇಲಿನ ಹಿಡಿಕೆಯನ್ನು ಹಿಡಿದು, ಮತ್ತೊಂದು ಹೆಗಲಿಗೆ ಚೀಲ ತೂಗುಹಾಕಿಕೊಂಡು ಪ್ರಯಾಣ ಮಾಡುವ ನೌಕರರು, ದೋಸೆಯ ಕಾವಲಿಯ ಮುಂದೆ ಗಂಟೆಗಟ್ಟಲೆ ತಲೆ ಬಗ್ಗಿಸಿ ನಿಲ್ಲುವ ಹೋಟೆಲಿನ ಅಡಿಗೆಯವರು, ಒಂದೇ ಕೈಯಲ್ಲಿ ಹಲವು ತಟ್ಟೆಗಳನ್ನು ಹೊರುವ ಮಾಣಿಗಳು, ಬೆಳಗಿನ ನಿಗದಿತ ವೇಳೆಯಲ್ಲಿ ನಲ್ಲಿಯ ನೀರನ್ನು ತುಂಬಿ ಎತ್ತಿಡುವ ಗೃಹಿಣಿಯರು - ಇವರೆಲ್ಲರೂ ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆ ಕುತ್ತಿಗೆ ಮತ್ತು ಹೆಗಲಿನ ನೋವು. ದಿನಗೂಲಿಯವನಿಗೆ ಈ ನೋವು ಒಂದು ವಾರದ ಸಂಪಾದನೆಯನ್ನೇ ಕಳೆಯಬಲ್ಲದು.

ಇಂತಹ ನೋವುಗಳಲ್ಲಿ ಹೆಚ್ಚಿನವು ಸ್ನಾಯುಗಳ ದಣಿವಿನಿಂದ ಮತ್ತು ಬಿಗಿತದಿಂದ ಉಂಟಾಗುವಂಥವು. ಸರಿಯಾದ ಆರೈಕೆಯಿಂದ ಅವು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ. ಆದರೆ ಕೆಲವು ನೋವುಗಳು ಕುತ್ತಿಗೆಯಲ್ಲಿ ಅಥವಾ ಭುಜದಲ್ಲಿ ಕಾಣಿಸಿಕೊಂಡರೂ ಅವುಗಳ ಮೂಲ ಬೇರೆಡೆ ಇರುತ್ತದೆ. ಎಣ್ಣೆ ತಿಕ್ಕುತ್ತಾ ಕಾಲ ಕಳೆದರೆ ಅಂಥವು ಪ್ರಾಣಕ್ಕೇ ಅಪಾಯ ತರಬಹುದು. ಆದ್ದರಿಂದ ಮನೆಮದ್ದಿಗೆ ಮೊದಲು ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ.

ವಿಳಂಬ ಮಾಡಬಾರದ ಸಂದರ್ಭಗಳು

ಎಡ ಭುಜ ಅಥವಾ ತೋಳಿನ ನೋವಿನೊಂದಿಗೆ ಎದೆ ಹಿಂಡಿದಂತಾಗುವುದು, ಬೆವರು, ಉಸಿರಾಟದ ಕಷ್ಟ, ವಾಕರಿಕೆ ಅಥವಾ ದವಡೆಯ ನೋವು ಕಂಡುಬಂದರೆ ಅದು ಹೃದಯಾಘಾತವಾಗಿರಬಹುದು. ಮಧುಮೇಹ ರೋಗಿಗಳಲ್ಲಿ ಮತ್ತು ಸ್ತ್ರೀಯರಲ್ಲಿ ಎದೆನೋವು ಸ್ಪಷ್ಟವಾಗಿ ಇಲ್ಲದೆಯೇ ಹೃದಯಾಘಾತವಾಗುವುದುಂಟು. ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಶಮನವಾಗುವ ಭುಜದ ನೋವನ್ನೂ ಕೇವಲ ಸ್ನಾಯುವಿನ ನೋವೆಂದು ಭಾವಿಸಬಾರದು. ಹೃದಯಾಘಾತದ ಸಂದೇಹವಿದ್ದಲ್ಲಿ ಕಾವು ಕೊಡುವುದು, ತಿಕ್ಕುವುದು ಮುಂತಾದವುಗಳಲ್ಲಿ ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ದೂರವಾಣಿ ಮಾಡಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು.

ತೀವ್ರ ಜ್ವರ ಮತ್ತು ತಲೆನೋವಿನೊಂದಿಗೆ ಗಲ್ಲವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಸೆಟೆದುಕೊಂಡರೆ ಮೆದುಳುಪೊರೆಯ ಉರಿಯೂತವನ್ನು ಶಂಕಿಸಬೇಕು. ರೈಲಿನಿಂದಲೋ ಮೆಟ್ಟಿಲಿನಿಂದಲೋ ಬಿದ್ದ ಅನಂತರ ಕಾಣಿಸಿಕೊಂಡ ನೋವು, ಕೈಗಳಲ್ಲಿ ಬಲ ಕುಂದಿ ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು, ನಡಿಗೆ ತಡವರಿಸುವುದು, ಮೂತ್ರದ ಹತೋಟಿ ತಪ್ಪುವುದು - ಇವು ಬೆನ್ನುಹುರಿಗೆ ಒತ್ತಡ ಬಿದ್ದಿರುವ ಸೂಚನೆಗಳಾಗಿರಬಹುದು. ಸಂಜೆಯ ವೇಳೆ ಸಣ್ಣ ಜ್ವರ, ತೂಕ ಇಳಿಯುವುದು ಮತ್ತು ರಾತ್ರಿ ಹೆಚ್ಚಾಗುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ನೆನಪಿಡಬೇಕು. ಶ್ವಾಸಕೋಶಕ್ಕೆ ಮಾತ್ರವೇ ಕ್ಷಯ ತಗಲುತ್ತದೆಂಬ ನಂಬಿಕೆ ತಪ್ಪು.

ನೋವು ಉಂಟಾಗುವ ಬಗೆ

ಕುತ್ತಿಗೆಯಲ್ಲಿ 7 ಕಶೇರುಕಗಳಿವೆ. ಅವುಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಆಘಾತವನ್ನು ತಡೆಯುತ್ತವೆ. ಇಲ್ಲಿಂದ ಹೊರಡುವ ನರಗಳು ಭುಜ ಮತ್ತು ಕೈಗಳಿಗೆ ಹೋಗುವುದರಿಂದಲೇ ಕುತ್ತಿಗೆಯ ತೊಂದರೆ ಬೆರಳ ತುದಿಯಲ್ಲಿ ಜುಮುಗುಟ್ಟುವಿಕೆಯಾಗಿ ಕಾಣಿಸಬಹುದು. ವಯಸ್ಕನ ತಲೆಯ ತೂಕ ಸುಮಾರು 4.5ರಿಂದ 5 ಕಿಲೋಗ್ರಾಂ. ತಲೆ ನೇರವಾಗಿದ್ದಾಗ ಈ ಭಾರ ಮೂಳೆಗಳ ಮೇಲೆ ಸಮನಾಗಿ ಕೂರುತ್ತದೆ. ತಲೆ ಮುಂದಕ್ಕೆ ಬಾಗಿದಂತೆಲ್ಲ ಹಿಂಬದಿಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. 60 ಡಿಗ್ರಿಯಷ್ಟು ಬಾಗಿದಾಗ ಕುತ್ತಿಗೆಯ ಮೇಲೆ ಸುಮಾರು 27 ಕಿಲೋಗ್ರಾಂ ಭಾರ ಬೀಳುತ್ತದೆಂದು ಅಮೆರಿಕದ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿದರು. ಇದು ಗಣಿತದ ಅಂದಾಜೇ ಹೊರತು ಜೀವಂತ ಶರೀರದಲ್ಲಿ ಅಳೆದದ್ದಲ್ಲ. ಆದರೂ ಮೊಬೈಲ್ ದೂರವಾಣಿಯನ್ನು ಮಡಿಲಲ್ಲಿಟ್ಟು ನೋಡುವವರಿಗೆ, ಅಕ್ಕಿ ಆರಿಸುವವರಿಗೆ, ಹೊಲಿಗೆ ಮಾಡುವವರಿಗೆ ಕತ್ತು ಏಕೆ ನೋಯುತ್ತದೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ನಿದ್ರೆಯ ಕೊರತೆ ಮತ್ತು ಮನಸ್ಸಿನ ಚಿಂತೆಯೂ ಸ್ನಾಯುಗಳನ್ನು ಬಿಗಿಗೊಳಿಸುತ್ತವೆ.

ಎಕ್ಸ್-ರೇಯಲ್ಲಿ "ಸ್ಪಾಂಡಿಲೋಸಿಸ್" ಎಂದು ಬರೆದಿರುವುದನ್ನು ಕಂಡು ಗಾಬರಿಯಾಗುವವರು ಬಹಳ. ಐವತ್ತು ದಾಟಿದ ಬಹುಪಾಲು ಜನರಲ್ಲಿ, ನೋವಿಲ್ಲದವರಲ್ಲಿಯೂ, ಈ ಸವೆತ ಕಾಣುತ್ತದೆ. ಕೂದಲು ನರೆಯುವಂತೆ ಇದೂ ವಯಸ್ಸಿನ ಗುರುತು.

ಮನೆಯಲ್ಲಿ ಮಾಡಬೇಕಾದುದು

ನೋವಿರುವಾಗ ಹಾಸಿಗೆ ಹಿಡಿಯುವುದು ಹಿಂದಿನ ಪದ್ಧತಿ. ದೀರ್ಘ ವಿಶ್ರಾಂತಿಯಿಂದಲೂ, ದಿನವಿಡೀ ಕುತ್ತಿಗೆಪಟ್ಟಿ ಕಟ್ಟಿಕೊಳ್ಳುವುದರಿಂದಲೂ ಸ್ನಾಯುಗಳು ದುರ್ಬಲವಾಗುತ್ತವೆ. ಒಂದೆರಡು ದಿನ ಭಾರದ ಕೆಲಸವನ್ನು ಬಿಟ್ಟು, ಉಳಿದ ದಿನಚರಿಯನ್ನು ಸಾಧ್ಯವಾದಷ್ಟು ಮುಂದುವರಿಸುವುದೇ ಮೇಲು. ಉಳುಕಿದ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಬಹುದು. ಹಳೆಯ ಬಿಗಿತಕ್ಕೆ ಬಿಸಿನೀರಿನ ಚೀಲ ಅಥವಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಟವೆಲಿನ ಕಾವು 15ರಿಂದ 20 ನಿಮಿಷ ಹಿತಕರ. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಶಾಖದ ತೀವ್ರತೆ ತಿಳಿಯದೆ ಬೊಕ್ಕೆ ಏಳಬಹುದಾದ್ದರಿಂದ ಮನೆಯ ಇತರರು ಮೊದಲು ಮುಟ್ಟಿ ನೋಡಬೇಕು.

ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯನ್ನು ಮೃದುವಾಗಿ ಹಚ್ಚಿ ನೀವುವುದರಲ್ಲಿ ದೋಷವಿಲ್ಲ. ಆದರೆ ಕ್ಷೌರದಂಗಡಿಯಲ್ಲಿ ಮಾಲೀಷಿನ ಕೊನೆಗೆ ತಲೆಯನ್ನು ಹಿಡಿದು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸವನ್ನು ಕೂಡಲೇ ಬಿಡಬೇಕು. ಮೆದುಳಿಗೆ ರಕ್ತವನ್ನೊಯ್ಯುವ ನಾಳಗಳು ಕುತ್ತಿಗೆಯ ಮೂಲಕವೇ ಹಾದುಹೋಗುತ್ತವೆ. ಬಳ್ಳಾರಿಯ 30 ವರ್ಷದ ಕೆಲಸಗಾರನೊಬ್ಬನಿಗೆ ಹೀಗೆ ಕತ್ತು ತಿರುಗಿಸಿಕೊಂಡ ಮೇಲೆ ರಕ್ತನಾಳದ ಗೋಡೆ ಹರಿದು ಪಾರ್ಶ್ವವಾಯು ತಗಲಿದುದು 2024ರಲ್ಲಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಶಬ್ದದಿಂದ ದೊರೆಯುವ ಹಾಯ್ ಎನಿಸುವ ಸುಖ ಕ್ಷಣಿಕ.

ವ್ಯಾಯಾಮವೇ ಮುಖ್ಯ ಔಷಧ. ನೇರವಾಗಿ ಕುಳಿತು, ತಲೆಯನ್ನು ಬಗ್ಗಿಸದೆ ಗಲ್ಲವನ್ನು ಹಿಂದಕ್ಕೆ ಎಳೆದುಕೊಂಡು 5 ಸೆಕೆಂಡು ನಿಲ್ಲಿಸಬೇಕು. ಅನಂತರ ಕಿವಿಯನ್ನು ಹೆಗಲಿನತ್ತ ವಾಲಿಸಿ, ಎದುರು ಬದಿಯ ಸ್ನಾಯು ಎಳೆದಂತಾಗುವಷ್ಟು ಮಾತ್ರ ಹಿಡಿದು ಬಿಡಬೇಕು. ಭುಜಗಳನ್ನು ಕಿವಿಯವರೆಗೆ ಎತ್ತಿ ಸಡಿಲಿಸುವುದು, ಹಿಂಬದಿಯ ಎರಡು ಹೆಗಲೆಲುಬುಗಳನ್ನು ಒಂದಕ್ಕೊಂದು ಹತ್ತಿರ ತರುವುದು ಇದೇ ರೀತಿ. ಪ್ರತಿಯೊಂದನ್ನೂ 10 ಬಾರಿಯಂತೆ ದಿನಕ್ಕೆ ಎರಡು ಮೂರು ಸಲ ಮಾಡಬೇಕು. ಸ್ವಲ್ಪ ಎಳೆತ ಸಹಜ. ನೋವು ಕೈಗೆ ಇಳಿದರೆ ಅಥವಾ ತಲೆ ಸುತ್ತಿದರೆ ನಿಲ್ಲಿಸಬೇಕು. ತಲೆಯನ್ನು ವೃತ್ತಾಕಾರವಾಗಿ ಗಿರಗಿರನೆ ತಿರುಗಿಸುವುದು ಬೇಡ.

ಬಟ್ಟೆ ಒಣಹಾಕಲು, ತಲೆ ಬಾಚಲು ಕೈ ಏಳದಿದ್ದರೆ ಅದು ಭುಜದ ಕೀಲಿನ ಬಿಗಿತವಾಗಿರಬಹುದು. ವೈದ್ಯರು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. 40ರಿಂದ 60 ವಯಸ್ಸಿನವರಲ್ಲಿ, ವಿಶೇಷವಾಗಿ ಮಧುಮೇಹಿಗಳಲ್ಲಿ, ಇದು ಹೆಚ್ಚು. ಪೂರ್ಣ ಗುಣವಾಗಲು ಒಂದರಿಂದ ಮೂರು ವರ್ಷ ಹಿಡಿಯುವುದುಂಟು, ತಾಳ್ಮೆ ಬೇಕು. ಮೇಜಿಗೆ ಒಂದು ಕೈಯೂರಿ ಬಾಗಿ, ನೋಯುವ ತೋಳನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು, ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಏರಿಸುವುದು ಇದಕ್ಕೆ ಉಪಯುಕ್ತ. ಈ ನೋವಿನ ನೆವದಲ್ಲಿ ರಕ್ತದ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಜಾಣತನ.

ಔಷಧದಂಗಡಿಯಿಂದ ತಾವಾಗಿಯೇ ನೋವಿನ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗುವುದರಿಂದ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ರಕ್ತದೊತ್ತಡದ ಏರಿಕೆ ಸಂಭವಿಸುತ್ತವೆ. ಹಚ್ಚುವ ಮುಲಾಮು ಇದಕ್ಕಿಂತ ಸುರಕ್ಷಿತ.

ಕೆಲಸದ ರೀತಿಯಲ್ಲಿ ಬದಲಾವಣೆ

15 ಲೀಟರಿನ ಬಕೆಟ್ಟು ತುಂಬಿದರೆ 15 ಕಿಲೋಗ್ರಾಂ ಆಗುತ್ತದೆ. ಅದನ್ನು ಒಂದೇ ಕೈಯಲ್ಲಿ ಒಯ್ಯುವ ಬದಲು ಎರಡು ಚಿಕ್ಕ ಪಾತ್ರೆಗಳಿಗೆ ಹಂಚಿ ಎರಡೂ ಕೈಗಳಿಂದ ಒಯ್ಯಬೇಕು. ಈ ಕೆಲಸ ಮನೆಯ ಹೆಂಗಸರದೊಂದೇ ಎಂದು ಗಂಡಸರು ಭಾವಿಸಬೇಕಾದ್ದೂ ಇಲ್ಲ. ಎರಡು ಪಟ್ಟಿಯ ಚೀಲವನ್ನು ಬೆನ್ನಿಗೆ ಹಾಕಿ, ರೈಲಿನ ನೂಕುನುಗ್ಗಲಿನಲ್ಲಿ ಎದೆಗೆ ತಂದುಕೊಳ್ಳಬಹುದು. ಹಿಡಿಕೆ ಹಿಡಿದ ಕೈಯನ್ನು ಪ್ರತಿ ಎರಡು ನಿಲ್ದಾಣಗಳಿಗೊಮ್ಮೆ ಬದಲಿಸಬೇಕು. ಗಣಕಯಂತ್ರದ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇರಬಾರದು. ಮಲಗುವಾಗ ಕುತ್ತಿಗೆ ಬೆನ್ನಿನ ನೇರಕ್ಕಿರುವಂತಹ ಒಂದು ದಿಂಬು ಸಾಕು. ಬೋರಲು ಮಲಗುವುದು ಒಳ್ಳೆಯದಲ್ಲ.

ಈ ಕ್ರಮಗಳಿಂದ ಆರು ವಾರಗಳಲ್ಲಿಯೂ ನೋವು ತಗ್ಗದಿದ್ದರೆ, ಅಥವಾ ಕೈಯಲ್ಲಿ ಮರಗಟ್ಟುವಿಕೆ ಉಳಿದಿದ್ದರೆ, ವೈದ್ಯರನ್ನು ಕಾಣಬೇಕು. ಚೆಂಬೂರಿನವರಿಗೆ ಸಾಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆಯ ಆಸ್ಪತ್ರೆ ಹತ್ತಿರದ್ದು. ಅಲ್ಲಿ ಭೌತಚಿಕಿತ್ಸೆಯ ವಿಭಾಗವಿದೆ. ಹಾಜಿ ಅಲಿಯ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಹೋಗುವಾಗ ಹಳೆಯ ಎಕ್ಸ್-ರೇಗಳನ್ನೂ, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರುಗಳನ್ನೂ ಜೊತೆಯಲ್ಲಿ ಒಯ್ಯಬೇಕು.