ಹದಿನೆಂಟರ ಮೂಳೆ, ಎಪ್ಪತ್ತರ ನಡಿಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಆರೋಗ್ಯದ ಮಾತೆತ್ತಿದರೆ ಮೊದಲು ನೆನಪಾಗುವುದು ಹಸುಗೂಸು, ಆಮೇಲೆ ಅಜ್ಜ ಅಜ್ಜಿ. ಕೂಸಿಗೆ ತಾಯಿ ಕಾರ್ಡು ಇದೆ, ಯಾವ ಚುಚ್ಚುಮದ್ದು ಯಾವಾಗ ಎಂಬುದು ಅದರಲ್ಲಿದೆ. ಅಂಗನವಾಡಿಯಲ್ಲಿ ತೂಕ ನೋಡುತ್ತಾರೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬರುತ್ತಾರೆ. ಅಜ್ಜನ ಬಿ.ಪಿ., ಅಜ್ಜಿಯ ಶುಗರ್ ಎಷ್ಟೆಂದು ಇಡೀ ಮನೆಗೆ ಗೊತ್ತು. ನಡುವಿನ ಹತ್ತರಿಂದ ಇಪ್ಪತ್ತೈದರ ವಯಸ್ಸು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಕಳೆದುಹೋಗುತ್ತದೆ. ಜ್ವರ ಬಂದರೆ ಮದ್ದು, ಬಾರದಿದ್ದರೆ ಆರೋಗ್ಯ, ಅಷ್ಟೆ. ದೇಹಶಾಸ್ತ್ರ ಹೇಳುವುದು ಬೇರೆ. ಗರ್ಭ ಮತ್ತು ಶೈಶವವನ್ನು ಬಿಟ್ಟರೆ ದೇಹ ಅತಿ ಹೆಚ್ಚು ಬೇಡುವ ಕಾಲ ಇದು. ಈಗ ಸಿಗದೆ ಹೋದದ್ದರ ಕೊರತೆ ಐವತ್ತು ವರ್ಷ ಕಳೆದು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಮುಂದಿನ ತಲೆಮಾರಿನಲ್ಲೂ. ಮೂಡುಬಿದಿರೆ, ಉಜಿರೆಗಳು ವಸತಿ ಕಾಲೇಜುಗಳ ಊರುಗಳು. ಸಾವಿರಾರು ಮಕ್ಕಳು ತಮ್ಮ ಈ ವಯಸ್ಸನ್ನು ಇಲ್ಲಿಯೇ, ಹಾಸ್ಟೆಲಿನ ಊಟ ಉಂಡು ಕಳೆಯುವುದರಿಂದ ನಾವು ಇದನ್ನು ಬೇರೆಯವರಿಗಿಂತ ಹೆಚ್ಚು ಯೋಚಿಸಬೇಕು.

ಮೂಳೆಯಿಂದಲೇ ಶುರುಮಾಡೋಣ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಮಕ್ಕಳ ಮೂಳೆಯ ಖನಿಜಾಂಶವನ್ನು ವರ್ಷವರ್ಷವೂ ಅಳೆಯುತ್ತ ಹೋದ ಅಧ್ಯಯನವೊಂದರಲ್ಲಿ ಕಂಡದ್ದು ಇದು: ವಯಸ್ಕರ ಮೈಯಲ್ಲಿರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಕೂಡಿಕೊಳ್ಳುವುದು ಹರೆಯದ ಎರಡೇ ವರ್ಷಗಳಲ್ಲಿ, ಹುಡುಗಿಯರಿಗೆ ಹನ್ನೆರಡು ಹದಿಮೂರರ ಆಸುಪಾಸು, ಹುಡುಗರಿಗೆ ಅದಕ್ಕಿಂತ ಒಂದೂವರೆ ವರ್ಷ ತಡವಾಗಿ. ಇಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೂಡಿಕೆ ನಿಲ್ಲುತ್ತದೆ. ಆಮೇಲಿನದು ಇದ್ದದ್ದನ್ನು ಉಳಿಸಿಕೊಳ್ಳುವ ಕೆಲಸ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಹೆಂಗಸರ ಮೂಳೆ ಕೆಲವು ವರ್ಷ ವೇಗವಾಗಿ ಸವೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ಬಗ್ಗೆ ನಾವು ಪಾಚಿಯನ್ನು ದೂರುತ್ತೇವೆ. ಆದರೆ ಅದೇ ಅಂಗಳದಲ್ಲಿ ಜಾರಿದ ಇನ್ನೊಬ್ಬರು ಮೈ ಕೊಡವಿ ಎದ್ದಿರುತ್ತಾರೆ. ಇಬ್ಬರ ನಡುವಿನ ವ್ಯತ್ಯಾಸಕ್ಕೆ ವಂಶವಾಹಿಯ ಪಾಲು ದೊಡ್ಡದು, ನಿಜ. ಉಳಿದ ಪಾಲಿನಲ್ಲಿ ಹರೆಯದಲ್ಲಿ ಸಿಕ್ಕ ಸುಣ್ಣದಂಶ, ಬಿಸಿಲು ಮತ್ತು ಓಡಾಟ ಇವೆ, ನಮ್ಮ ಕೈಯಲ್ಲಿರುವುದು ಇವಷ್ಟೆ. ಬಿಸಿಲಿನ ಮಾತು ಕರಾವಳಿಗೆ ವಿಚಿತ್ರವೆನಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಉಳಿದ ತಿಂಗಳುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ತರಗತಿ, ಟ್ಯೂಷನ್, ಓದುವ ಕೋಣೆ ಎಂದಾದರೆ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಹೊತ್ತಾದರೂ ಎಲ್ಲಿ?

ಕಬ್ಬಿಣದ ಲೆಕ್ಕ ಇನ್ನೂ ಕಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, 16ರಿಂದ 18ರ ಹುಡುಗಿಗೆ 32 ಬೇಕು. ತೋಟದಲ್ಲಿ ದುಡಿದು ಬಂದ ಅಪ್ಪನಿಗಿಂತ ಪುಸ್ತಕದ ಮುಂದೆ ಕೂತ ಮಗಳಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಆದರೆ ಊಟದ ತಟ್ಟೆಯಲ್ಲಿ ಯಾರಿಗೆ ಹೆಚ್ಚು ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಹಸಿವು, ಕಬ್ಬಿಣವಲ್ಲ. ಕುಚ್ಚಲಕ್ಕಿ ಗಂಜಿ ಒಳ್ಳೆಯ ಆಹಾರ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುವುದರಿಂದ ಬೆಳ್ತಿಗೆಗಿಂತ ಅದರಲ್ಲಿ ಥಯಾಮಿನ್ ಹೆಚ್ಚು ಉಳಿಯುತ್ತದೆ. ಕಬ್ಬಿಣಕ್ಕೆ ಮಾತ್ರ ಗಂಜಿಯ ಜೊತೆಗಿನ ಪದಾರ್ಥವನ್ನೇ ನಂಬಬೇಕು. ಹುರುಳಿ ಸಾರು, ಹರಿವೆ ಪಲ್ಯ, ತಗತೆ ಸೊಪ್ಪು, ಬೂತಾಯಿ ಗಸಿ ಇದ್ದರೆ ಸರಿ, ಉಪ್ಪಿನಕಾಯಿ ಒಂದೇ ಆದರೆ ಇಲ್ಲ. ಸೊಪ್ಪು, ಕಾಳುಗಳ ಕಬ್ಬಿಣ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ನೆಲ್ಲಿಕಾಯಿ, ನಿಂಬೆಯಲ್ಲಿರುವ ಸಿ ಜೀವಸತ್ವ ಅದನ್ನು ದಕ್ಕಿಸುತ್ತದೆ, ಊಟದ ಬೆನ್ನಿಗೇ ಕುಡಿದ ಚಾ ತಡೆಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ಈ ಕೊರತೆ ಒಂದೇ ಜೀವದಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಸಾಕ್ಷ್ಯ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಪ್ರತಿ ಕೂಸಿನ ಹುಟ್ಟುತೂಕವನ್ನು ಬರೆದಿಟ್ಟುಕೊಂಡು ಬಂದಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಹುಡುಕಿ, ಹೃದಯ ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಅದು ಶೇ. 3. ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ಕಾಯಿಲೆ ಇನ್ನೂ ಹೆಚ್ಚು. ಬಡತನವೇ ಇವೆರಡಕ್ಕೂ ಮೂಲವಿರಬಾರದೇಕೆ ಎಂದು ಕೇಳಬಹುದು. ಇರಬಹುದು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಒಬ್ಬಂಟಿಯಾಗಿ ಸಾಬೀತುಪಡಿಸದು. ಆದರೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಜನಗಳಲ್ಲಿ ಇದೇ ಬಗೆಯ ಫಲಿತಾಂಶ ಮತ್ತೆ ಮತ್ತೆ ಬಂದಿರುವುದರಿಂದ ಅದನ್ನು ತಳ್ಳಿಹಾಕುವುದು ಕಷ್ಟ. ಅಡಿಕೆ ತೋಟದವರಿಗೆ ಇದು ಹೊಸ ಮಾತಲ್ಲ: ಸಸಿಯ ಮೊದಲ ವರ್ಷಗಳಲ್ಲಿ ನೀರು ಗೊಬ್ಬರ ತಪ್ಪಿದರೆ, ಮರವಾದ ಮೇಲೆ ಎಷ್ಟು ಸುರಿದರೂ ಆ ಸೊರಗು ಪೂರ್ತಿ ಹೋಗದು. ಗರ್ಭಿಣಿಯಾದ ಮೇಲೆ ಮಾತ್ರೆ ಕೊಡುವುದು ಅಗತ್ಯ, ಆದರೆ ತಡ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಅಮ್ಮನ ಜೊತೆ ಬೀಡಿ ಕಟ್ಟಲು ಕೂತ ಹುಡುಗಿ, ಬಗ್ಗಿದ ಬೆನ್ನು, ತಂಬಾಕಿನ ಧೂಳು ಮತ್ತು ಬಿಸಿಲಿಲ್ಲದ ಜಗಲಿಯ ನಡುವೆ ಬೆಳೆದು ತಾಯಿಯಾಗುವಾಗ ಅವಳ ರಕ್ತ ಆಗಲೇ ಸೊರಗಿರುತ್ತದೆ.

ಸರಕಾರಕ್ಕೆ ಇದು ತಿಳಿಯದೆ ಇಲ್ಲ. ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ, ಎಲ್ಲವೂ ಒಳ್ಳೆಯ ಕೆಲಸಗಳು. ಆದರೆ ಇವು ಹತ್ತನೇ ತರಗತಿಗೆ ನಿಲ್ಲುತ್ತವೆ. ಹುಡುಗಿಗೆ 32 ಮಿಲಿಗ್ರಾಂ ಕಬ್ಬಿಣ ಬೇಕಾಗುವ ವಯಸ್ಸಿಗೆ ಅವಳು ಪಿಯುಸಿಗೆ ಬಂದಿರುತ್ತಾಳೆ, ಅಲ್ಲಿ ಬಿಸಿಯೂಟವಿಲ್ಲ. ಬೆಳಗ್ಗೆ ಆರೂವರೆಯ ಬಸ್ಸು ಹಿಡಿಯಲು ತಿಂಡಿ ಬಿಟ್ಟು, ಮಧ್ಯಾಹ್ನ ಬನ್ಸು ಚಾ ಮುಗಿಸಿ, ಸಂಜೆ ಮನೆ ಸೇರುವ ಮಕ್ಕಳು ಈ ತಾಲೂಕುಗಳಲ್ಲಿ ಎಷ್ಟಿಲ್ಲ! ವಾರಕ್ಕೊಂದು ನೀಲಿ ಮಾತ್ರೆಯ ಯೋಜನೆ ಹತ್ತರಿಂದ ಹತ್ತೊಂಬತ್ತರವರೆಗಿನವರಿಗಾಗಿಯೇ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲವಿರುತ್ತದೆ. ಹೊಟ್ಟೆ ತೊಳಸುತ್ತದೆಂದು ಅದನ್ನು ಬಿಸಾಡುವ ಮಕ್ಕಳಿಗೆ ಊಟದ ಬಳಿಕ ನುಂಗಿದರೆ ತೊಳಸುವುದು ಕಡಿಮೆ ಎಂದು ಹೇಳಿಕೊಡಬೇಕಾದವರು ಉಪನ್ಯಾಸಕರೇ.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಎಲ್ಲರೂ ಹೇಳುವಂಥದ್ದು ಹಿರಿಯರ ಉದಾಹರಣೆ. ಗಂಜಿ, ಉಪ್ಪಿನಕಾಯಿ ತಿಂದೇ ತೊಂಬತ್ತು ದಾಟಿ, ಮರ ಹತ್ತಿದವರು ಇದ್ದಾರಲ್ಲ ಎಂದು. ಇದ್ದಾರೆ, ಮತ್ತು ಅವರ ಬಗ್ಗೆ ಹೆಮ್ಮೆ ಸಹಜ. ಆದರೆ ನಾವು ನೋಡುತ್ತಿರುವುದು ಉಳಿದವರನ್ನು ಮಾತ್ರ. ಅವರೊಡನೆ ಹುಟ್ಟಿ, ಕೂಸಾಗಿಯೇ ಹೋದವರು, ಹೆರಿಗೆಯಲ್ಲಿ ಹೋದವರು ಉದಾಹರಣೆಯಾಗಿ ಬಂದು ನಿಲ್ಲುವುದಿಲ್ಲ. 1950ರ ಸುಮಾರಿಗೆ ಭಾರತೀಯರ ಸರಾಸರಿ ಆಯಸ್ಸು 40 ವರ್ಷವನ್ನೂ ಮುಟ್ಟಿರಲಿಲ್ಲ. ಇನ್ನೊಂದು, ಆ ಹಿರಿಯರು ಹರೆಯದಲ್ಲಿ ಗದ್ದೆ, ಗುಡ್ಡ ಸುತ್ತಿ ಹೊರೆ ಹೊತ್ತವರು. ಅವರ ಮೂಳೆಗೆ ಬಿಸಿಲೂ ಭಾರವೂ ಸಿಕ್ಕಿತ್ತು, ಬೆವರಿಗೆ ತಕ್ಕ ಉಪ್ಪೂ ಬೇಕಿತ್ತು. ಅದೇ ಉಪ್ಪಡ್, ಅದೇ ಒಣಮೀನಿನ ಚಟ್ನಿ ಎಪ್ಪತ್ತರಲ್ಲಿ ಚಾವಡಿಯಲ್ಲಿ ಕೂತವರ ರಕ್ತದೊತ್ತಡಕ್ಕೆ ಒಗ್ಗದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು. ಊಟ ಬದಲಾಗಲಿಲ್ಲ, ಉಣ್ಣುವ ದೇಹ ಬದಲಾಯಿತು.

ಹಾಗಾದರೆ ಹರೆಯ ಕಳೆದವರ ಗತಿಯೇನು, ಎಲ್ಲ ಗಮನವನ್ನೂ ಮಕ್ಕಳಿಗೆ ಕೊಟ್ಟು ಮುದುಕರನ್ನು ಕೈಬಿಡುವುದೇ? ಇದು ಹೆಚ್ಚು ತೂಕದ ಆಕ್ಷೇಪ. ವಯಸ್ಸಾದವರ ಮೈ ಕಲ್ಲಾಗಿಲ್ಲ ಎಂಬುದೂ ಪರೀಕ್ಷೆಗೆ ನಿಂತ ಸಂಗತಿ. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುವಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ಆ ಸ್ನಾಯುವಿನ ಬಲ ಸರಾಸರಿ ಶೇ. 174ರಷ್ಟು ಏರಿತ್ತು. ಆದ್ದರಿಂದ ಹಲ್ಲಿಲ್ಲವೆಂದು ಅಜ್ಜಿಗೆ ಬರೀ ಗಂಜಿ ತಿಳಿ ಕೊಟ್ಟು ಕೂರಿಸುವುದು ಪ್ರೀತಿಯಾದರೂ ಉಪಕಾರವಲ್ಲ. ಮೊಟ್ಟೆ, ಮೀನು, ಮಜ್ಜಿಗೆ, ಬೇಯಿಸಿ ಅರೆದ ಹೆಸರುಕಾಳು ಅವರಿಗೆ ಬೇಕು. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಜೀವಸತ್ವಕ್ಕೆ ಹಾಲು, ಮೊಸರೇ ದಾರಿ. ವಯಸ್ಸಾದಂತೆ ಹೊಟ್ಟೆಗೆ ಅದನ್ನು ಹೀರುವ ಶಕ್ತಿ ಕುಗ್ಗುವುದರಿಂದ ಮರೆವು, ಕಾಲು ಜುಮುಗುಟ್ಟುವಿಕೆ ಕಂಡರೆ ವಯಸ್ಸಿನ ದೋಷವೆಂದು ಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕು.

ಆದರೂ ಖರ್ಚು ಕಡಿಮೆ, ಫಲ ದೀರ್ಘ ಎಂಬ ಲೆಕ್ಕದಲ್ಲಿ ನಾನು ಹಾಸ್ಟೆಲು, ಪಿಯು ಕಾಲೇಜುಗಳನ್ನೇ ಮೊದಲು ನೋಡುತ್ತೇನೆ. ದಾಖಲಾತಿಯ ವೇಳೆ ಅಂಕಪಟ್ಟಿಯ ಜೊತೆ ಹಿಮೋಗ್ಲೋಬಿನ್ ಕೂಡ ನೋಡಬಹುದು. ಊಟದ ಚಾವನ್ನು ಒಂದು ಗಂಟೆ ಆಚೆ ಸರಿಸಬಹುದು, ವಾರದಲ್ಲಿ ಮೂರು ದಿನ ಹುರುಳಿ ಅಥವಾ ಸೊಪ್ಪು ಇರುವಂತೆ ಅಡುಗೆಯವರಿಗೆ ಹೇಳಬಹುದು. ಆಟದ ಪೀರಿಯಡ್ ಪರೀಕ್ಷೆಯ ತಿಂಗಳಲ್ಲೂ ಉಳಿಯಬೇಕು. ನಿದ್ದೆಯದೂ ದೊಡ್ಡ ವಿಷಯ. ಹರೆಯದಲ್ಲಿ ಮೆಲಟೋನಿನ್ ತಡವಾಗಿ ಏರುವುದರಿಂದ ಈ ಮಕ್ಕಳಿಗೆ ರಾತ್ರಿ ಬೇಗ ನಿದ್ದೆ ಬಾರದು, ಅದು ಸೋಮಾರಿತನವಲ್ಲ. ಅವರಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆ. ಹನ್ನೊಂದಕ್ಕೆ ದೀಪ ಆರಿಸಿ ಬೆಳಗಿನ ಐದಕ್ಕೆ ಗಂಟೆ ಬಾರಿಸುವ ಹಾಸ್ಟೆಲಿನಲ್ಲಿ ಉಳಿಯುವುದು ಆರು.