ನ್ಯೂರೋಗ್ಲೋಬಿನ್

ನ್ಯೂರೋಗ್ಲೋಬಿನ್ ಕಶೇರುಕಗಳ ಮಿದುಳು, ನರಗಳು ಮತ್ತು ಅಕ್ಷಿಪಟಲದಲ್ಲಿ ಕಂಡುಬರುವ, ಆಮ್ಲಜನಕವನ್ನು ಬಂಧಿಸುವ ಪ್ರೋಟೀನು. ಹಿಮೋಗ್ಲೋಬಿನ್‌ನ ಈ ಬಂಧುವನ್ನು ಜರ್ಮನಿಯ ಥಾರ್ಸ್ಟನ್ ಬರ್ಮೆಸ್ಟರ್ ಮತ್ತು ಸಂಗಡಿಗರು 2000ರಲ್ಲಿ ವರದಿ ಮಾಡಿದರು.

ಮಾನವನಲ್ಲಿ ಇದು 151 ಅಮೈನೋ ಆಮ್ಲಗಳ ಒಂದೇ ಸರಪಳಿ. ಒಳಗೆ ಹೀಮ್ ಎಂಬ ಕಬ್ಬಿಣಯುಕ್ತ ಘಟಕವಿದೆ. ಸ್ನಾಯುಗಳ ಮಯೋಗ್ಲೋಬಿನ್‌ನಲ್ಲಿ ಕಬ್ಬಿಣದ ಒಂದು ಪಾರ್ಶ್ವ ಆಮ್ಲಜನಕಕ್ಕಾಗಿ ತೆರವಾಗಿರುತ್ತದೆ. ಇಲ್ಲಿ ಹಾಗಲ್ಲ: 64 ಮತ್ತು 96ನೆಯ ಸ್ಥಾನಗಳ ಹಿಸ್ಟಿಡಿನ್‌ಗಳು ಅದನ್ನು ಎರಡೂ ಬದಿಗಳಿಂದ ಹಿಡಿದಿರುತ್ತವೆ. 64ನೆಯದು ಸರಿದು ದಾರಿ ಕೊಟ್ಟಾಗಲೇ ಆಮ್ಲಜನಕಕ್ಕೆ ಪ್ರವೇಶ.

ಮಿದುಳಿನಲ್ಲಿ ಇದರ ಪ್ರಮಾಣ ಅತ್ಯಲ್ಪವಾದುದರಿಂದ ಇದನ್ನು ಆಮ್ಲಜನಕದ ಉಗ್ರಾಣವೆನ್ನುವುದು ಆತುರದ ಮಾತಾದೀತು. ಅಕ್ಷಿಪಟಲದಲ್ಲಿ ಮಾತ್ರ ಇದು ಬಹಳ ಹೆಚ್ಚು. ನ್ಯೂರೋಗ್ಲೋಬಿನ್ ಹೆಚ್ಚಿಸಿದ ನರಕೋಶಗಳು ಆಮ್ಲಜನಕದ ಕೊರತೆಯನ್ನು ಚೆನ್ನಾಗಿ ತಾಳಿಕೊಂಡದ್ದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಮೈಟೊಕಾಂಡ್ರಿಯದಿಂದ ಸೋರಿದ ಸೈಟೋಕ್ರೋಮ್ ಸಿ ಕೋಶದ ಸಾವಿಗೆ ಚಾಲನೆ ನೀಡದಂತೆ ಇದು ತಡೆಯುತ್ತದೆಂಬುದು ಅದಕ್ಕೆ ಕೊಡಲಾಗುವ ಒಂದು ವಿವರಣೆ.